ಒಬ್ಬ ಠಕ್ಕನನ್ನು ಮೂವರನ್ನಾಗಿ ಮಾಡಿದ್ದು

ಮುಂಬಯಿಯಲ್ಲಿ ನಾಲ್ಕು ವರ್ಷ ಕಳೆದವನಿಗೆ ಹಿಂದಿ ತಾನಾಗಿಯೇ ಬರುತ್ತದೆ ಎಂದು ನಮ್ಮ ಧಾರವಾಡದ ಕಡೆಯವರ ನಂಬಿಕೆ. ಸಮುದ್ರದ ದಂಡೆಯಲ್ಲಿದ್ದವನಿಗೆ ಈಜು ಬಂದೇ ಬರುತ್ತದೆ ಎನ್ನುವ ಹಾಗೆ. ನನಗೆ ಎರಡೂ ಬರುತ್ತಿರಲಿಲ್ಲ. ಆಫೀಸಿನಲ್ಲಿ ಇಂಗ್ಲಿಷು, ತರಕಾರಿಯವಳ ಹತ್ತಿರ ಊರಿನಿಂದಲೇ ತಂದ ಮರಾಠಿ, ಹೋಟೆಲಿನಲ್ಲಿ ಉಡುಪಿಯವರ ಕನ್ನಡ. ಇಷ್ಟರಲ್ಲೇ ಚೆಂಬೂರಿನ ಚಾಳಿನ ನನ್ನ ಬದುಕು ಸಾಗುತ್ತಿತ್ತು. ಹಿಂದಿಯಲ್ಲಿ ನನಗಿದ್ದ ಆಸ್ತಿಯೆಂದರೆ ‘ಅಚ್ಛಾ’, ‘ಚಲೇಗಾ’, ‘ಬಾಜೂ ಹಟೋ’ ಎಂಬ ಮೂರು ಮಾತು. ಮೂರನೆಯದನ್ನು ಲೋಕಲ್ ಗಾಡಿಯಲ್ಲಿ ನಾನು ಇನ್ನೊಬ್ಬರಿಗೆ ಹೇಳಿದ್ದಕ್ಕಿಂತ ಇನ್ನೊಬ್ಬರು ನನಗೆ ಹೇಳಿದ್ದೇ ಹೆಚ್ಚು.

ಹೀಗಿದ್ದೂ, ಹುಬ್ಬಳ್ಳಿಗೆ ಹೆಣ್ಣು ನೋಡಲು ಹೋದಾಗ ಹುಡುಗಿಯ ತಾಯಿ, ಅಲ್ಲೆಲ್ಲ ಹಿಂದಿಯಂತಲ್ಲ, ಹೇಗೆ ನಿಭಾಯಿಸುತ್ತೀರಿ ಎಂದು ಕೇಳಿದ್ದಕ್ಕೆ, ಹಿಂದಿ ನನಗೆ ನೀರು ಕುಡಿದಷ್ಟು ಸುಲಭ ಎಂದುಬಿಟ್ಟೆ. ಅಷ್ಟಕ್ಕೇ ನಿಲ್ಲಿಸಬಹುದಿತ್ತು. ಸಾಕ್ಷಿಗೆಂದು “ಮೇರಾ ಹಿಂದಿ ಬಹುತ್ ಅಚ್ಛಾ ಚಲೇಗಾ” ಎಂದೂ ಆಡಿ ತೋರಿಸಿದೆ. ಅಲ್ಲಿಯವರೆಗೆ ಜಮಖಾನೆಯನ್ನೇ ನೋಡುತ್ತ ಕುಳಿತಿದ್ದ ಹುಡುಗಿ ಆ ಮಾತಿಗೆ ಥಟ್ಟನೆ ತಲೆಯೆತ್ತಿ ನನ್ನನ್ನು ನೋಡಿದಳು. ದೊಡ್ಡ ಕಣ್ಣುಗಳು. ಮೆಚ್ಚಿದಳು ಎಂದುಕೊಂಡೆ. ಆ ಕಣ್ಣುಗಳು ಇನ್ನೊಂದು ಗಳಿಗೆ ನನ್ನ ಮೇಲಿರಲೆಂದು, ನನಗೆ ಕನಸು ಬೀಳುವುದೂ ಹಿಂದಿಯಲ್ಲೇ ಎಂದು ಸೇರಿಸಿದೆ.

ಹುಡುಗಿ ಒಪ್ಪಿದಳು. ಅವಳೇ ಸುಮಿತ್ರಾ. ಮದುವೆಯಾಗಿ ಚೆಂಬೂರಿಗೆ ಬಂದ ಮೇಲೆ ತಿಂಗಳಿಗೊಮ್ಮೆ ದಾದರಿಗೆ ಹೋಗಿ ಹಿಂದಿ ಸಿನಿಮಾ ನೋಡುವುದು ನಮ್ಮ ವಾಡಿಕೆಯಾಯಿತು. ಕತ್ತಲಲ್ಲಿ ಅವಳು ನನ್ನ ಕಡೆ ವಾಲಿ “ಏನಂದಾ?” ಎಂದು ಕೇಳುವಳು. ನಾನು ತೆರೆಯ ಮೇಲಿನ ಮುಖಗಳನ್ನು ನೋಡಿ, ತೋಚಿದ್ದನ್ನು ಅವಳ ಕಿವಿಯಲ್ಲಿ ಹೇಳುವೆ. ಇದು ನೀವು ತಿಳಿದಷ್ಟು ಕಷ್ಟದ ಕೆಲಸವಲ್ಲ. ನಾಯಕಿ ಅತ್ತರೆ ದುಃಖ, ಮುದುಕ ಎದೆ ಹಿಡಿದುಕೊಂಡರೆ ಮಗ ಮನೆ ಬಿಟ್ಟಿದ್ದಾನೆ. ಎರಡು ವರ್ಷ ಹೀಗೇ ನಡೆಯಿತು. ಸುಮಿತ್ರಾ ಒಮ್ಮೆಯೂ ಅನುಮಾನಪಡಲಿಲ್ಲ.

ಆಗ ನಮ್ಮ ಅತ್ತೆಯವರು ಮಗಳ ಮನೆಗೆ ಬಂದರು. ಅಳಿಯನ ಹಿಂದಿಯ ಕೀರ್ತಿ ಅವರ ಓಣಿಯಲ್ಲೆಲ್ಲ ಹಬ್ಬಿತ್ತಂತೆ, ಹಬ್ಬಿಸಿದವರೂ ಅವರೇ. ಒಂದು ಭಾನುವಾರ ಮಧ್ಯಾಹ್ನದ ಆಟಕ್ಕೆ ಅವರನ್ನೂ ದಾದರಿಗೆ ಕರೆದುಕೊಂಡು ಹೋದೆವು. ನಾನು ನಡುವೆ, ಎಡಕ್ಕೆ ಹೆಂಡತಿ, ಬಲಕ್ಕೆ ಅತ್ತೆ.

ಆ ಸಿನಿಮಾದ ನಿಜವಾದ ಕತೆ ನನಗೆ ತಿಳಿದದ್ದು ಆಮೇಲೆ. ಓದುವವರಿಗೆ ತೊಡಕಾಗಬಾರದೆಂದು ಈಗಲೇ ಹೇಳಿಬಿಡುತ್ತೇನೆ. ಒಬ್ಬ ಠಕ್ಕ. ರೈಲಿನ ಪ್ರಯಾಣಿಕರಿಗೆ ಟೋಪಿ ಹಾಕಿ ಬದುಕುವವನು. ಒಂದು ದಿನ ಸ್ಟೇಷನ್ನಿನಲ್ಲಿ ಸಾಹುಕಾರನ ಮಗಳೊಬ್ಬಳನ್ನು ನೋಡಿ ಮರುಳಾಗುತ್ತಾನೆ. ಅಲ್ಲಿಂದ ಅವನ ಠಕ್ಕುತನವೆಲ್ಲ ಅವಳ ಹತ್ತಿರ ಇರುವುದಕ್ಕೇ ಖರ್ಚಾಗುತ್ತದೆ. ಗಡ್ಡ ಅಂಟಿಸಿಕೊಂಡು ಸಂಗೀತದ ಮಾಸ್ತರನಾಗುತ್ತಾನೆ. ಅಲ್ಲಿಂದ ಓಡಿಸಿದರೆ ರುಮಾಲು ಸುತ್ತಿಕೊಂಡು ವೈದ್ಯನಾಗಿ ಬರುತ್ತಾನೆ. ಕೊನೆಗೆ ಅವಳೆದುರು ತಾನು ಯಾರೆಂದು ಒಪ್ಪಿಕೊಂಡು, ತಾನೇ ಪೊಲೀಸರಿಗೆ ಕೈ ಒಡ್ಡುತ್ತಾನೆ.

ಇದೊಂದೂ ನನಗೆ ತಿಳಿಯಲಿಲ್ಲ. ಗಡ್ಡದವನು ಬಂದಾಗ ಅತ್ತೆಯವರು ಇವನ್ಯಾರೆಂದು ಕೇಳಿದರು. ಮೊದಲಿನವನ ಅಣ್ಣ ಎಂದೆ. ರುಮಾಲಿನವನು ಬಂದ. ಎಲ್ಲರಿಗೂ ಹಿರಿಯಣ್ಣ ಎಂದೆ. ಮೂವರ ಮೂಗೂ ಒಂದೇ ನಮೂನೆ ಇದೆಯಲ್ಲ ಎಂದು ಅವರು ಮೆಚ್ಚಿದರು. ಅಷ್ಟರಲ್ಲಿ ನಾಯಕಿ ಜಗ್ಗಿದ ರಭಸಕ್ಕೆ ಮಾಸ್ತರನ ಗಡ್ಡ ಕಿತ್ತು ಅವಳ ಕೈಗೆ ಬಂತು. ಥಿಯೇಟರು ನಕ್ಕಿತು, ನನಗೆ ಬೆವರು ಬಂತು.

“ಅಳಿಯಂದ್ರ, ಗಡ್ಡ ಯಾಕ ಬಂತು?”

ಹರಕೆಯ ಗಡ್ಡ, ತಿರುಪತಿಯಲ್ಲಿ ಕೊಟ್ಟಾಗಿತ್ತು, ಬೋಳು ಮುಖ ನೋಡಿ ಹುಡುಗಿ ಹೆದರಬಾರದೆಂದು ಸುಳ್ಳು ಗಡ್ಡ ಇಟ್ಟುಕೊಂಡಿದ್ದ ಎಂದೆ. ಇಂಥ ಉತ್ತರ ನನ್ನೊಳಗೆ ಎಲ್ಲಿತ್ತೋ ನನಗೇ ಗೊತ್ತಿಲ್ಲ. ಎಡಗಡೆಯಿಂದ ಕೆಮ್ಮು ಕೇಳಿಸಿತು. ಸುಮಿತ್ರಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಿದ್ದಳು. ಕೊನೆಗೆ ಪೊಲೀಸರು ಬಂದಾಗ, ಅಣ್ಣಂದಿರ ತಪ್ಪನ್ನು ತಮ್ಮ ತನ್ನ ಮೈಮೇಲೆ ಹಾಕಿಕೊಂಡ ಎಂದು ಮುಗಿಸಿದೆ. ಅತ್ತೆಯವರು ಗಳಗಳನೆ ಅತ್ತರು. ಕುರ್ಲಾದಲ್ಲಿ ಗಾಡಿ ಬದಲಿಸುವವರೆಗೂ ಅಳುತ್ತಿದ್ದರು. ಈ ಕಲಿಯುಗದಲ್ಲಿ ಅಂಥ ತಮ್ಮಂದಿರು ಎಲ್ಲಿದ್ದಾರೆ ಎಂದರು.

ಮರುದಿನ ಬೆಳಿಗ್ಗೆ ಚಾಳಿನ ನಲ್ಲಿಯ ಹತ್ತಿರ ಈ ಕತೆಯನ್ನು ಅವರು ವಿಸ್ತಾರವಾಗಿ ಹೇಳಿದ್ದಾರೆ. ಕೇಳುವವರಲ್ಲಿ ಪಕ್ಕದ ಖೋಲಿಯ ರತ್ನಕ್ಕ ಇದ್ದರು. ಉಡುಪಿಯ ಕಡೆಯವರು, ಗಂಡನಿಗೆ ಹೋಟೆಲು. ಅವರು ಹಿಂದಿನ ವಾರವಷ್ಟೇ ಅದೇ ಸಿನಿಮಾ ನೋಡಿದ್ದರು. ಅರ್ಧ ಮುಖಕ್ಕೆ ಸಾಬೂನು ಹಚ್ಚಿಕೊಂಡು ನಾನು ಕ್ಷೌರ ಮಾಡಿಕೊಳ್ಳುತ್ತಿದ್ದಾಗ ಇಬ್ಬರೂ ನ್ಯಾಯಕ್ಕೆಂದು ಬಾಗಿಲಿಗೇ ಬಂದರು.

“ಎಂಥದು ಮೂರು ಜನ ಮಾರಾಯ್ರೆ? ಒಬ್ಬನೇ ಅಲ್ವಾ, ವೇಷ ಹಾಕಿಕೊಂಡು ಬರುವುದು?” ಎಂದರು ರತ್ನಕ್ಕ.

ಅತ್ತೆಯವರು ನನ್ನ ಮುಖ ನೋಡಿದರು. ಅವರ ನೋಟದಲ್ಲಿ ಕೋಪವಿರಲಿಲ್ಲ. ನಾನು ಏನಾದರೂ ಹೇಳಿಯೇನು ಎಂಬ ಭರವಸೆಯಿತ್ತು. ಅದನ್ನು ನೋಡಿ ಇನ್ನೊಂದು ಸುಳ್ಳು ಹೇಳಲು ಮನಸ್ಸಾಗಲಿಲ್ಲ. ನಿಜ ಹೇಳಿಬಿಡೋಣ ಎಂದು ಉಸಿರು ಎಳೆದುಕೊಂಡೆ.

ಆಗ ಸುಮಿತ್ರಾ ಒಳಗಿನಿಂದ ಸೌಟು ಹಿಡಿದುಕೊಂಡೇ ಬಂದಳು. “ರತ್ನಕ್ಕ, ನೀವು ಹೋದಾಗ ಸಿನಿಮಾ ಸುರು ಆಗಿತ್ತು ಅಂದಿದ್ರಲ್ಲ? ಮೊದಲಿಗೇ ಮೂವರನ್ನೂ ಒಂದ ಫೋಟೋದಾಗ ತೋರಿಸ್ಯಾರ. ಅದನ್ನ ನೋಡದವರಿಗೆ ಒಬ್ಬನ ಹಂಗ ಕಾಣಸ್ತಾನ.”

ರತ್ನಕ್ಕ ತಡವಾಗಿ ಹೋಗಿದ್ದು ನಿಜವಿತ್ತು. ಅವರು ಸ್ವಲ್ಪ ಯೋಚಿಸಿ, ಹಾಗೂ ಇರಬಹುದು ಎಂದರು. ಅತ್ತೆಯವರು ಅವರನ್ನು ಸಮಾಧಾನಪಡಿಸುತ್ತ ದೇವಸ್ಥಾನಕ್ಕೆ ಕರೆದುಕೊಂಡು ಹೋದರು.

ನಾನು ಸಾಬೂನು ಒರೆಸಿಕೊಂಡು, ಫೋಟೋ ಎಲ್ಲಿತ್ತು ಎಂದು ಹೆಂಡತಿಯನ್ನು ಕೇಳಿದೆ. ಅವಳು ಟ್ರಂಕು ತೆರೆದು, ತಳದಿಂದ ಮೂರು ಕಾಗದ ತೆಗೆದು ನನ್ನ ಕೈಗಿಟ್ಟಳು. ಹಿಂದಿ ಪರೀಕ್ಷೆಗಳಲ್ಲಿ ಪಾಸಾದ ಪ್ರಮಾಣಪತ್ರಗಳು. ಮೂರೂ ಮೊದಲ ದರ್ಜೆ.

ನಿಮ್ಮವ್ವನಿಗೆ ಗೊತ್ತಿಲ್ಲವೇ ಎಂದೆ. ಹೆಚ್ಚು ಓದಿದ ಹುಡುಗಿಗೆ ಗಂಡು ಸಿಗುವುದಿಲ್ಲವೆಂದು ಅವ್ವ ಹೆದರುತ್ತಿದ್ದಳಂತೆ. ಅದಕ್ಕೆ ಅಪ್ಪ, ಮಗಳು ಸೇರಿ ಹಿಂದಿ ಕ್ಲಾಸನ್ನು ಹೊಲಿಗೆ ಕ್ಲಾಸು ಎಂದು ಹೇಳಿ ಮೂರು ವರ್ಷ ದಾಟಿಸಿದ್ದರಂತೆ. ನಾನು ಮಂಚದ ಮೇಲೆ ಕುಳಿತುಬಿಟ್ಟೆ.

“ಹಂಗಾದ್ರ ನೋಡಲಿಕ್ಕೆ ಬಂದ ದಿನಾನ ನಿನಗ ಗೊತ್ತಾಗಿತ್ತೇನು?”

“ಬಹುತ್ ಅಚ್ಛಾ ಚಲೇಗಾ ಅಂದ್ರಲ್ಲ, ಅವಾಗ ಗೊತ್ತಾತು. ಯಾರಪಾ ಈ ಮನಷ್ಯಾ ಅಂತ ತಲಿ ಎತ್ತಿ ನೋಡಿದೆ.”

“ಮತ್ಯಾಕ ಒಪ್ಪಿಕೊಂಡಿ?”

ಅವಳು ಕಾಗದಗಳನ್ನು ಮಡಿಸುತ್ತ ಹೇಳಿದಳು: “ಸುಳ್ಳು ಹೇಳಿ ನಿಮ್ಮ ಕಿವಿ ಎರಡೂ ಕೆಂಪಗಾಗಿದ್ದೂವು. ಇಂಥಾವರು ದೊಡ್ಡ ಸುಳ್ಳು ಹೇಳಲಾರರು ಅನಿಸ್ತು.”

ಅಂದಿನಿಂದ ನನಗೆ ಪಾಠ ಶುರುವಾಯಿತು. ಊಟವಾದ ಮೇಲೆ ದಿನಾ ಅರ್ಧ ಗಂಟೆ. ಹಿಂದಿಯಲ್ಲಿ ಗಾಡಿ ಹೆಣ್ಣು, ನೀರು ಗಂಡು ಎಂಬುದನ್ನು ಒಪ್ಪಿಕೊಳ್ಳಲು ನನಗೆ ಒಂದು ಮಳೆಗಾಲ ಹಿಡಿಯಿತು. ಅವಳು ಗದರಿಸಿದಳು, ನಕ್ಕಳು, ಬಿಡಲಿಲ್ಲ. ವರ್ಷ ಕಳೆಯುವುದರೊಳಗೆ ಸಿನಿಮಾದ ಮಾತೆಲ್ಲ ನನಗೆ ತಿಳಿಯತೊಡಗಿತು.

ಅದರಿಂದ ನಷ್ಟವೂ ಆಯಿತು. ಥಿಯೇಟರಿನಲ್ಲಿ ಈಗ ಅವಳು ನನ್ನನ್ನು ಏನೂ ಕೇಳುವುದಿಲ್ಲ; ತನ್ನ ಪಾಡಿಗೆ ನೆಟ್ಟಗೆ ಕುಳಿತು ನೋಡುತ್ತಾಳೆ. ಎರಡು ಸಿನಿಮಾ ಹೀಗೆಯೇ ಕಳೆದವು. ಮೂರನೆಯದರಲ್ಲಿ ತಡೆಯಲಾರದೆ, ನಾಯಕ “ಪಾನಿ ಲಾವ್” ಎಂದದ್ದಕ್ಕೆ ನಾನೇ ಅವಳ ಕಡೆ ವಾಲಿ, ಏನೆಂದ ಎಂದು ಕೇಳಿದೆ. ಅವಳು ಹಣೆಯ ಕೂದಲು ನನ್ನ ಕೆನ್ನೆಗೆ ತಾಗುವಷ್ಟು ಹತ್ತಿರ ಬಂದು, ನೀರು ಕೇಳಿದನೆಂದು ತಾಳ್ಮೆಯಿಂದ ವಿವರಿಸಿದಳು. ಈಗ ಪ್ರತಿ ಸಿನಿಮಾದಲ್ಲೂ ಹತ್ತಿಪ್ಪತ್ತು ಸಲ ಹೀಗೆ ಕೇಳುತ್ತೇನೆ. ಇಷ್ಟು ಕಲಿಸಿದರೂ ತಲೆಗೆ ಹತ್ತಲಿಲ್ಲವೆಂದು ಅವಳು ಬೇಸರಪಟ್ಟುಕೊಂಡದ್ದನ್ನು ನಾನು ಕಂಡಿಲ್ಲ.