ಸಿದ್ರಾಯನ ಅಟ್ಟ

ಗೂಬೆ ಮನೆಗೆ ಬಂದದ್ದರಲ್ಲಿ ಸಿದ್ರಾಯನಿಗೆ ಏನೂ ತಕರಾರಿರಲಿಲ್ಲ. ಅದು ಎಂದಾದರೂ ಬಂದೀತು ಎಂದು ಅವನು ವರ್ಷಗಟ್ಟಲೆ ಕಾದಿದ್ದ. ಆದರೆ ಬರುವುದು ಬಂದು, ಹುಕ್ಕೇರಿಯವರು ಮನೆ ನೋಡಲು ಬರುವ ಶನಿವಾರವೇ ಬರಬೇಕೆ?

ಘಟಪ್ರಭಾ ಸ್ಟೇಶನ್ ಬಳಿ ಸಿದ್ರಾಯನದು ಮೋಟರ್ ರಿವೈಂಡಿಂಗ್ ಅಂಗಡಿ. ಸುತ್ತಲಿನ ಕಬ್ಬಿನ ಹೊಲಗಳಲ್ಲಿ ಸುಟ್ಟುಕೊಂಡ ಪಂಪುಗಳೆಲ್ಲ ಕೊನೆಗೆ ಅವನ ಮುಂದೆ ಬಂದು ಮಲಗುತ್ತವೆ. ಅವನ ಕೈ ತಾಮ್ರದ ತಂತಿ ಸುತ್ತುತ್ತಿದ್ದರೂ ಕಣ್ಣು ಮಾತ್ರ ಎದುರಿನ ತಂತಿಯ ಮೇಲೆ ಕೂತ ಹಕ್ಕಿಯ ಮೇಲಿರುತ್ತದೆ. ಮನೆ ಧೂಪದಾಳದಲ್ಲಿ, ಅಪ್ಪ ಕಟ್ಟಿಸಿದ ಹಂಚಿನ ಮನೆ. ಹಿತ್ತಲ ಬಾಗಿಲು ತೆರೆದರೆ ಒಡ್ಡಿನ ಹಿನ್ನೀರು ಕಾಣುತ್ತದೆ. ಚಳಿಗಾಲದಲ್ಲಿ ಅಲ್ಲಿ ದೂರದೇಶದ ಕ್ರೌಂಚ ಹಕ್ಕಿಗಳು ಬಂದಿಳಿದಾಗ ಸಿದ್ರಾಯ ಚಹದ ಬಟ್ಟಲು ಹಿಡಿದು ಕಟ್ಟೆಯ ಮೇಲೆ ಕೂತನೆಂದರೆ ಚಹಾ ಆರಿ, ಕೆನೆ ಕಟ್ಟಿ, ನೊಣ ಬಿದ್ದರೂ ಗೊತ್ತಾಗುವುದಿಲ್ಲ.

ಇದರಿಂದ ಯಾರಿಗೂ ಏನೂ ತೊಂದರೆಯಿರಲಿಲ್ಲ. ತೊಂದರೆಯಿದ್ದದ್ದು ಅವನ ಇನ್ನೊಂದು ಚಟದಲ್ಲಿ. ಯಾರಾದರೂ ಒಂದು ಪ್ರಾಣಿಗೋ ಹಕ್ಕಿಗೋ ತಪ್ಪು ಹೆಸರು ಹೇಳಿದರೆ ಅವನಿಗೆ ಸುಮ್ಮನಿರಲು ಆಗುತ್ತಿರಲಿಲ್ಲ. ಮೂಡಲಗಿಯ ಸಂಬಂಧ ಮುರಿದದ್ದೇ ಹಾಗೆ. ಅಲ್ಲಿ ಹುಡುಗಿಯ ಸೋದರಮಾವ ಮಾತಿಗೆ ಮಾತು ಬಂದು, ಕೇರೆಹಾವು ನಾಗರಹಾವಿನ ಗಂಡ ಎಂದಿದ್ದರು. ಸಿದ್ರಾಯ ಅವೆರಡೂ ಬೇರೆ ಬೇರೆ ಜಾತಿ, ಅವುಗಳಿಗೆ ಮದುವೆ ಸಾಧ್ಯವಿಲ್ಲ ಎಂದು ಉಪ್ಪಿಟ್ಟು ಆರುವವರೆಗೆ ವಿವರಿಸಿದ. ಅವರು ಕೊನೆಗೆ, ಹಾಗಾದರೆ ನಿಮ್ಮದೂ ನಮ್ಮದೂ ಸಾಧ್ಯವಿಲ್ಲ ಎಂದು ಎದ್ದುಬಿಟ್ಟರು. ಹುಡುಗಿಯ ಮುಖವನ್ನು ನೋಡುವುದೇ ಉಳಿದುಹೋಯಿತು.

ಹುಕ್ಕೇರಿಯ ದೀಪಾಳ ವಿಷಯ ಹಾಗಲ್ಲ. ಅವಳನ್ನು ನೋಡಲು ಹೋದಾಗ ಅವನು ಎಷ್ಟೇ ತಡೆದುಕೊಂಡರೂ ಕ್ರೌಂಚಗಳ ಮಾತು ಬಂದೇಬಿಟ್ಟಿತ್ತು. ಅವಳು ಆಕಳಿಸಲಿಲ್ಲ. ಅಷ್ಟು ದೂರದಿಂದ ಬರುವಾಗ ದಾರಿಯಲ್ಲಿ ಎಲ್ಲಿ ನಿದ್ದೆ ಮಾಡುತ್ತವೆ ಎಂದು ಕೇಳಿದಳು. ಅಂದಿನಿಂದ ಸಿದ್ರಾಯನಿಗೇ ನಿದ್ದೆಯಿಲ್ಲ. ಮಾಡಿಕೊಂಡರೆ ಅವಳನ್ನೇ ಎಂದು ಅವನು ನಿಶ್ಚಯಿಸಿಬಿಟ್ಟಿದ್ದ.

ಅಡ್ಡಿಯಿದ್ದದ್ದು ಅವಳ ಅಪ್ಪ ಮಾಲಿಂಗಪ್ಪನ ಕರಾರು. ಹುಕ್ಕೇರಿ ಪೇಟೆಯಲ್ಲಿ ಅವರದು ಭಾಂಡೆ, ಅಂದರೆ ಪಾತ್ರೆಗಳ ಅಂಗಡಿ, ಮನೆಗೆ ಒಬ್ಬಳೇ ಮಗಳು. ಅಳಿಯ ಹುಕ್ಕೇರಿಗೇ ಬಂದು ಅಂಗಡಿಯಲ್ಲಿ ಕೂರಬೇಕು. ಸಿದ್ರಾಯ, ನನಗೆ ಸ್ವಂತ ಮನೆ ಇದೆ, ಅವ್ವ ಇದ್ದಾಳೆ, ಕಸಬು ಇದೆ ಎಂದ. ಹಿನ್ನೀರಿನ ಮಾತು ಎತ್ತಲಿಲ್ಲ. ಅವ್ವ ಇಂದ್ರವ್ವ ಇನ್ನೂ ಖಡಕ್ಕಾಗಿ, ನಾನು ಈ ಹೊಸ್ತಿಲು ದಾಟುವುದು ನಾಲ್ಕು ಜನರ ಹೆಗಲ ಮೇಲೇ ಎಂದುಬಿಟ್ಟಳು. ಮಾಲಿಂಗಪ್ಪ ವ್ಯಾಪಾರಸ್ಥ, ಹರಿದುಕೊಳ್ಳುವ ಮನುಷ್ಯನಲ್ಲ. ಒಮ್ಮೆ ಮನೆ ನೋಡುತ್ತೇವೆ, ನಮ್ಮ ಹುಡುಗಿ ಬಾಳುವಂತಿದ್ದರೆ ಮುಂದಿನ ಮಾತು ಎಂದು ಶನಿವಾರ ಗೊತ್ತುಮಾಡಿದ.

ಆ ಶನಿವಾರ ಮುಂಜಾನೆ ಇಂದ್ರವ್ವ ಮಗನನ್ನು ಅಟ್ಟಕ್ಕೆ ಹತ್ತಿಸಿದಳು. ಬಂದವರಿಗೆ ಹಾಸಲು ಜಮಖಾನ ಬೇಕಿತ್ತು. ಸಿದ್ರಾಯ ನಿಚ್ಚಣಿಕೆ ಏರಿ ತಲೆ ತೂರಿಸಿದ. ಸುತ್ತಿಟ್ಟ ಜಮಖಾನದ ಮೇಲೆ, ಅದಕ್ಕಾಗಿಯೇ ತಂದಿಟ್ಟ ಹಾಗೆ, ಒಂದು ಕಣಜ ಗೂಬೆ ಕೂತಿತ್ತು. ಬಿಳಿಯ ಮುಖ, ವೀಳ್ಯದೆಲೆಯ ಆಕಾರ, ಕಪ್ಪು ಕಣ್ಣು. ಇಷ್ಟು ಹತ್ತಿರದಿಂದ ಅದನ್ನು ನೋಡುವ ಭಾಗ್ಯ ತನ್ನ ಮನೆಯಲ್ಲೇ ಬಂತಲ್ಲ ಎಂದು ಅವನಿಗೆ ಕಣ್ಣಲ್ಲಿ ನೀರು ಬಂತು. ಅಷ್ಟರಲ್ಲಿ ಅವನಿಗೆ ಊರಿನ ನೆನಪಾಯಿತು, ಕಣ್ಣೀರು ಅಲ್ಲೇ ನಿಂತಿತು.

ಊರವರ ಬಾಯಲ್ಲಿ ಗೂಬೆಯೆಂದರೆ ಗೂಗಿ. ಗೂಗಿ ಹೊಕ್ಕ ಮನೆಯಲ್ಲಿ ಯಾರೂ ಇರುವಂತಿಲ್ಲ. ಅಂದೇ ಹೊತ್ತು ಮುಳುಗುವುದರೊಳಗೆ ಎಲ್ಲರೂ ಹೊರಬಿದ್ದು ಕೀಲಿ ಹಾಕಿ, ಮೂರು ತಿಂಗಳು ಬಿಟ್ಟು ಶಾಂತಿ ಮಾಡಿಸಿಯೇ ಒಳಗೆ ಕಾಲಿಡಬೇಕು. ಓಣಿಯಲ್ಲಿ ಇದನ್ನು ಪ್ರಶ್ನಿಸಿದವರಿಲ್ಲ. ಮನೆ ನೋಡಲು ಬಂದವರಿಗೆ ಇದು ತಿಳಿದರೆ ಮುಗಿಯಿತು.

ಅವನು ಬರಿಗೈಯಲ್ಲಿ ಇಳಿದು, ಜಮಖಾನ ಇಲಿ ಕಡಿದಿದೆ ಎಂದ. ಅವ್ವ ಪಕ್ಕದ ಮನೆಯ ಲಕ್ಕವ್ವನ ಕಡೆ ಕೇಳಿಕಳಿಸಿದಳು. ಲಕ್ಕವ್ವ ಜಮಖಾನ ತಂದಳು, ಜೊತೆಗೆ ತಾನೂ ಬಂದಳು. ಕನ್ಯೆಯ ಕಡೆಯವರು ಬರುವ ಮನೆಗೆ ಆಕೆ ಹೋಗದೆ ಇದ್ದ ದಾಖಲೆ ಆ ಓಣಿಯಲ್ಲಿ ಇಲ್ಲ. ಆಕೆ ಜಮಖಾನ ಕೊಡವಿದ ಸದ್ದಿಗೆ ಮೇಲಿನಿಂದ ಉದ್ದಕ್ಕೆ ಬುಸ್ಸೆಂಬ ಸದ್ದು ಬಂತು.

"ಹಾವು ಐತೇನೋ ಮ್ಯಾಲ?" ಎಂದಳು ಲಕ್ಕವ್ವ.

ಸಿದ್ರಾಯ ಜನ್ಮದಲ್ಲಿ ಒಂದು ಜೀವಿಗೆ ತಪ್ಪು ಹೆಸರು ಹೇಳಿದವನಲ್ಲ. ಈಗ ಗಂಟಲೊಳಗಿನ ಮುಳ್ಳು ಕಿತ್ತಂತೆ ಹೇಳಿದ. "ಬೆಕ್ಕು, ಅತ್ತಿ. ಮರಿ ಹಾಕೇತಿ."

ಒಂದು ಬೆಕ್ಕು ಇಷ್ಟು ಕೆಲಸ ಹಚ್ಚೀತೆಂದು ಅವನಿಗೆ ಗೊತ್ತಿರಲಿಲ್ಲ. ಲಕ್ಕವ್ವ ಬಾಣಂತಿ ಬೆಕ್ಕಿಗೆಂದು ಮನೆಗೆ ಓಡಿಹೋಗಿ ಬಟ್ಟಲು ತುಂಬ ಹಾಲು ತಂದಳು. ತಾನೇ ಹತ್ತುತ್ತೇನೆಂದು ಸೀರೆ ಎತ್ತಿ ಕಟ್ಟಿದಳು. ಸಿದ್ರಾಯ ಆಕೆಯ ಕೈಯಿಂದ ಬಟ್ಟಲು ಕಸಿದುಕೊಂಡು ಮೇಲೇರಿದ. ಗೂಬೆಗೆ ಹಾಲು ಬೇಡ, ಚೆಲ್ಲಿದರೆ ಕೆಳಗೆ ಸೋರುತ್ತದೆ. ಬೇರೆ ದಾರಿ ಕಾಣದೆ ಅಟ್ಟದ ಕತ್ತಲಲ್ಲಿ ಕೂತು ಅಷ್ಟೂ ಹಾಲನ್ನು ತಾನೇ ಕುಡಿದ. ಗೂಬೆ ಅವನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿತು. ಹೆಣ್ಣಿನ ಕಡೆಯವರು ನೋಡುವ ನೋಟವೂ ಹೀಗೇ ಇರುತ್ತದೆ ಎಂದು ಅವನಿಗೆ ಅನಿಸಿತು. ಕೆಳಗಿಳಿದಾಗ ಲಕ್ಕವ್ವ ಅವನ ಮೀಸೆಯ ಮೇಲಿನ ಕೆನೆಯನ್ನು ನೋಡಿದಳು, ಏನೂ ಅನ್ನಲಿಲ್ಲ. ಆಕೆ ಏನೂ ಅನ್ನದಿರುವುದೇ ಅಪಾಯ.

ಮಾಲಿಂಗಪ್ಪ ಬಂದದ್ದು ಅಂಗಡಿಯ ಭಾಂಡೆ ಸಾಗಿಸುವ ಟೆಂಪೋದಲ್ಲಿ, ತಂಗಿ ಭರಮವ್ವನನ್ನು ಮುಂದೆ ಕೂರಿಸಿಕೊಂಡು. ಭಾಂಡೆ ವ್ಯಾಪಾರಿಯಾದ್ದರಿಂದ ಆತನಿಗೆ ಏನನ್ನೂ ಬೆರಳ ಗೆಣ್ಣಿನಿಂದ ಬಾರಿಸಿ ನೋಡುವ ರೂಢಿ. ಬಾಗಿಲು ಬಾರಿಸಿದ, ಗೋಡೆ ಬಾರಿಸಿದ, ನೀರಿನ ಹಂಡೆ ಬಾರಿಸಿ ಇದು ನಮ್ಮಂಗಡಿಯದಲ್ಲ ಎಂದ. ಭರಮವ್ವ ಬಚ್ಚಲು, ಅಡುಗೆಮನೆ, ಹಿತ್ತಲು ಸುತ್ತಿ ಬಂದು, ಹಿಂದೆ ಬರೇ ನೀರೇ ಇದೆಯಲ್ಲ ಎಂದು ಮೂಗು ಮುರಿದಳು. ಸಿದ್ರಾಯ ಹೋಗಿ ಹಿತ್ತಲ ಬಾಗಿಲು ಮುಚ್ಚಿ ಬಂದ.

ಶಿರಾ, ಉಪ್ಪಿಟ್ಟು ಬಂತು. ಮಾಲಿಂಗಪ್ಪ ಎರಡನೆಯ ತುತ್ತು ಬಾಯಿಗಿಡುವಾಗ ಅಟ್ಟದ ಹಲಗೆಯ ಸಂದಿನಿಂದ ಒಂದು ಕಪ್ಪನೆಯ ಹಸಿ ಉಂಡೆ ಟಪ್ಪೆಂದು ಜಮಖಾನದ ಮೇಲೆ ಬಿತ್ತು. ಸಿದ್ರಾಯನಿಗೆ ಅದೇನೆಂದು ಕೂಡಲೇ ಗೊತ್ತಾಯಿತು. ಗೂಬೆ ಇಲಿಯನ್ನು ಇಡಿಯಾಗಿ ನುಂಗಿ, ಅರಗದ ಕೂದಲು ಎಲುಬನ್ನು ಉಂಡೆ ಕಟ್ಟಿ ಉಗುಳುತ್ತದೆ. ಅದನ್ನು ಬಿಡಿಸಿ ನೋಡಬೇಕೆಂದು ಅವನ ಬೆರಳುಗಳೆಲ್ಲ ತುರಿಸಿದವು.

ಭರಮವ್ವ ಅದನ್ನು ಎತ್ತಿ ಹಿಡಿದು ಏನಿದು ಎಂದಳು. ಹುಣಸೆಹಣ್ಣು, ಹಳೆಯದು, ಮೇಲೆ ಇಟ್ಟಿದ್ದೇವೆ ಎಂದ ಸಿದ್ರಾಯ. ಹಳೆಯ ಹುಣಸೆಯ ಸಾರಿನ ರುಚಿಯೇ ಬೇರೆ ಎಂದು ಭರಮವ್ವ ಅದನ್ನು ಜೋಪಾನವಾಗಿ ಸೆರಗಿನ ತುದಿಗೆ ಗಂಟು ಹಾಕಿಕೊಂಡಳು. ಇಂದ್ರವ್ವ ಮಗನ ಮುಖ ನೋಡಿದಳು, ಏಕೆಂದರೆ ಅಟ್ಟದಲ್ಲಿ ಹುಣಸೆಹಣ್ಣು ಇಟ್ಟ ನೆನಪು ಆಕೆಗಿರಲಿಲ್ಲ.

ತಿಂಡಿ ಮುಗಿದ ಮೇಲೆ ಮಾಲಿಂಗಪ್ಪನಿಗೆ ತೊಲೆಗಳನ್ನು ಬಾರಿಸಿ ನೋಡುವ ಮನಸ್ಸಾಯಿತು. ಸಿದ್ರಾಯ ನಿಚ್ಚಣಿಕೆ ಗಟ್ಟಿಯಿಲ್ಲ ಎಂದ, ಧೂಳಿದೆ ಎಂದ, ಬಾಣಂತಿ ಬೆಕ್ಕು ಪರಚುತ್ತದೆ ಎಂದ. ಅಷ್ಟೆಲ್ಲ ಹೇಳುವುದರೊಳಗೆ ಮಾಲಿಂಗಪ್ಪನ ಅರ್ಧ ಮೈ ಅಟ್ಟದೊಳಗಿತ್ತು. ಸಿದ್ರಾಯ ಕಣ್ಣು ಮುಚ್ಚಿದ. ದೀಪಾ, ಕ್ರೌಂಚಗಳು, ಹಿತ್ತಲ ಕಟ್ಟೆ ಎಲ್ಲವೂ ಒಟ್ಟಿಗೇ ಕೈತಪ್ಪುವುದು ಅವನಿಗೆ ಕಂಡಿತು.

ಮಾಲಿಂಗಪ್ಪ ಬಹಳ ಹೊತ್ತು ಅಲ್ಲಾಡಲಿಲ್ಲ. ಆಮೇಲೆ ನಿಧಾನಕ್ಕೆ ಇಳಿದು, ತಲೆಯ ಮೇಲಿನ ಟೊಪ್ಪಿಗೆ ತೆಗೆದು ಕೈಮುಗಿದು ನಿಂತ.

"ಹಣಮಪ್ಪ ಅದಾನ್ರಿ ಮ್ಯಾಲ," ಎಂದ. "ಮರಿ ಮಂಗ್ಯಾ. ಬೆಳ್ಳನ್ನ ಮಾರಿ. ಶನಿವಾರ ದಿನ. ನಾ ಮನಸಿನ್ಯಾಗ ಕೇಳಿದ್ನಿ, ನಮ್ಮ ಹುಡುಗಿನ ಈ ಮನಿಗಿ ಕೊಡ್ಲೇನಪಾ ಅಂತ. ಹಿಂಗ ಹಿಂಗ ತಲಿ ತೂಗಿದಾ."

ಹೆದರಿದ ಕಣಜ ಗೂಬೆ ತಲೆಯನ್ನು ಅತ್ತಿತ್ತ ತೂಗುತ್ತದೆ. ಇದು ಸಿದ್ರಾಯನಿಗೆ ಗೊತ್ತು. ಮಾಲಿಂಗಪ್ಪ ಮಾತ್ರ ಆಗಲೇ ಬೇರೊಂದು ಲೋಕದಲ್ಲಿದ್ದ. ಕರಾರು ಬಿಟ್ಟೆ ಎಂದ. ದೇವರೇ ಕಾಲಿಟ್ಟ ಮನೆಗೆ ಮಗಳನ್ನು ಕೊಡದೆ ಇನ್ನಾರಿಗೆ ಕೊಡಲಿ, ಅವಳು ಇಲ್ಲಿಯೇ ಬಾಳಲಿ, ಅಂಗಡಿಗೆ ಆಳು ಸಿಕ್ಕಾರು ಎಂದ. ಇಂದ್ರವ್ವ ಸೆರಗಿನಿಂದ ಕಣ್ಣೊರೆಸಿಕೊಂಡಳು. ಲಕ್ಕವ್ವ ಕೂಡ, ತಾನು ಮೊದಲೇ ಅಂದುಕೊಂಡಿದ್ದೆ, ಬೆಕ್ಕು ಹಾಗೆ ಬುಸುಗುಡುವುದಿಲ್ಲ ಎಂದು ಅಟ್ಟಕ್ಕೆ ಕೈಮುಗಿದಳು.

ಸಿದ್ರಾಯ ಬೇಡಿದ್ದೆಲ್ಲ ಸಿಕ್ಕಿತ್ತು. ಸುಮ್ಮನೆ ನಿಂತಿದ್ದರೆ ಸಾಕಿತ್ತು, ಅವನು ನಿಂತೂ ಇದ್ದ. ಆದರೆ ಮಾಲಿಂಗಪ್ಪ ಅವನ ಹೆಗಲ ಮೇಲೆ ಕೈಯಿಟ್ಟ.

"ನಮ್ಮ ದೀಪಾ ಹೇಳ್ಯಾಳು, ನಿಮಗ ಪ್ರಾಣಿ ಪಕ್ಷಿ ಎಲ್ಲಾ ಗೊತ್ತೈತಿ ಅಂತ. ನನಗ ಕತ್ತಲಾಗ ಬರಾಬರಿ ಕಾಣ್ಲಿಲ್ಲ. ನೀವ ಹೇಳ್ರಿ, ಮಂಗ್ಯಾನ ಅಲ್ಲೇನ್ರಿ ಅದು?"

ಸಿದ್ರಾಯನ ಬಾಳಿನಲ್ಲಿ ಇದುವರೆಗೆ ಯಾರೂ ಅವನನ್ನು ಹೀಗೆ ಕೇಳಿರಲಿಲ್ಲ. ಕೇಳದವರಿಗೆ ಹೇಳಿ ಹೇಳಿ ಅವನ ಬಾಯಿ ಸವೆದಿತ್ತು. ಅಂಗಡಿಗೆ ಬಂದ ರೈತರು, ಬಸ್ಸಿನಲ್ಲಿ ಪಕ್ಕ ಕೂತವರು, ಹೆತ್ತ ಅವ್ವ, ಎಲ್ಲರೂ ಅವನು ಬಾಯಿ ತೆರೆದ ಕೂಡಲೇ ಬೇರೆ ಕಡೆ ನೋಡಿದವರೇ. ಈಗ ಒಬ್ಬ ಹಿರಿಯ ಮನುಷ್ಯ, ನಿಮಗೆ ಗೊತ್ತಿದೆ, ನೀವು ಹೇಳಿ ಎನ್ನುತ್ತಿದ್ದಾನೆ. ದೀಪಾ ಅವನ ಬಗ್ಗೆ ಮನೆಯಲ್ಲಿ ಆಡಿದ ಒಂದೇ ಹೊಗಳಿಕೆ ಅದು. ಅದನ್ನು ಸುಳ್ಳು ಮಾಡುವುದು ಹೇಗೆ? ಅವನು ಹೂಂ ಎನ್ನಲು ಬಾಯಿ ತೆರೆದ.

"ಮಂಗ್ಯಾ ಅಲ್ರಿ," ಎಂದ. "ಕಣಜ ಗೂಬಿ."

ಮನೆಯಲ್ಲಿ ಉಸಿರಾಡಿದ ಸದ್ದೂ ಇರಲಿಲ್ಲ. ಸಿದ್ರಾಯ ಆ ಮೌನವನ್ನು ಆಸಕ್ತಿ ಎಂದು ತಿಳಿದು ಮುಂದುವರಿಸಿದ. ಅದು ರೈತನ ಗೆಳೆಯ, ಒಂದು ಸಂಸಾರ ವರ್ಷಕ್ಕೆ ಸಾವಿರಾರು ಇಲಿ ತಿನ್ನುತ್ತದೆ, ಭರಮವ್ವನ ಸೆರಗಿನಲ್ಲಿರುವುದೂ ಅದೇ ಎಂದ. ಭರಮವ್ವ ಗಂಟು ಬಿಚ್ಚಿ, ಉಂಡೆ ಒಡೆದು, ಒಳಗಿನಿಂದ ಇಲಿಯ ತಲೆಬುರುಡೆ ಇಣುಕಿದ್ದನ್ನು ಕಂಡು ಅಂಗಳಕ್ಕೆ ಓಡಿದಳು. ಅಲ್ಲಿಂದ ಸ್ವಲ್ಪ ಹೊತ್ತು ಬೇರೆ ಸದ್ದು ಕೇಳಿಬಂತು.

ಮೊದಲು ಎದ್ದವಳು ಇಂದ್ರವ್ವ. ನಾಲ್ಕು ಜನರ ಹೆಗಲ ಮೇಲೇ ಹೊಸ್ತಿಲು ದಾಟುವೆನೆಂದವಳು, ಒಂದು ಮಾತೂ ಆಡದೆ ದೇವರ ಮೂರ್ತಿಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಸ್ವಂತ ಕಾಲ ಮೇಲೆ ದಾಟಿ ಓಣಿಯಲ್ಲಿ ನಿಂತಳು. "ಕೀಲಿ ತಾರೋ," ಎಂದು ಹೊರಗಿನಿಂದ ಕೂಗಿದಳು.

ಸಂಬಂಧ ಮುರಿಯಿತು ಎಂದೇ ಸಿದ್ರಾಯ ತಿಳಿದ. ಆದರೆ ಮಾಲಿಂಗಪ್ಪ ಹೋಗಲಿಲ್ಲ. ಟೊಪ್ಪಿಗೆಯನ್ನು ಮತ್ತೆ ತಲೆಗಿಟ್ಟುಕೊಂಡು, ಖಾಲಿ ಟೆಂಪೋದ ಕಡೆ ಒಮ್ಮೆ, ಓಣಿಯಲ್ಲಿ ನಿಂತ ಇಂದ್ರವ್ವನ ಕಡೆ ಒಮ್ಮೆ ನೋಡಿದ. ಒಳ್ಳೆಯ ಗಿರಾಕಿ ತಾನಾಗಿ ಅಂಗಡಿ ಹೊಕ್ಕಾಗ ಅವನ ಮುಖ ಹೀಗೇ ಆಗುತ್ತಿದ್ದಿರಬೇಕು.

"ಖರೆ ಮಾತಾಡೋ ಮನಶ್ಯಾ ಅದೀರಿ. ಅಂಗಡಿ ರೊಕ್ಕದ ಗಲ್ಲೇಕ ನನಗ ಅಂಥಾವರ ಬೇಕು," ಎಂದ. "ಗೂಗಿ ಹೊಕ್ಕ ಮನಿಗಿ ಹುಡುಗಿನ ಕಳಸಾಕ ಆಗೂದಿಲ್ಲ. ಅಂಗಡಿ ಮ್ಯಾಲಿನ ಖೋಲಿ ಖಾಲಿ ಅದಾವ, ನೀವು ನಿಮ್ಮ ಅವ್ವಾರು ಇವತ್ತ ಬರ್ರಿ. ಹುಕ್ಕೇರ್ಯಾಗೂ ಮೋಟರ ಸುಡತಾವ."

ಇಂದ್ರವ್ವ ಓಣಿಯಿಂದಲೇ ಆಗಲಿ ಎಂದಳು. ಸಿದ್ರಾಯನನ್ನು ಯಾರೂ ಕೇಳಲಿಲ್ಲ. ಅವನಿಗೆ ಹೇಳಲು ಬಹಳ ಇತ್ತು, ಆದರೆ ಬೇಡವೆಂದರೆ ದೀಪಾ ಇಲ್ಲ, ಆಗಲಿ ಎಂದರೆ ಹಿನ್ನೀರು ಇಲ್ಲ. ಅವನು ಪೆಟ್ಟಿಗೆ ಹೊರಲು ಶುರುಮಾಡಿದ. ಸುದ್ದಿ ಕೇಳಿ ಬಂದ ಓಣಿಯವರು ಹೊಸ್ತಿಲ ಹೊರಗೆ ನಿಂತೇ ಸಾಮಾನು ಇಸಿದುಕೊಂಡರು. ಹೊತ್ತು ಮುಳುಗುವ ಮೊದಲು ಬಾಗಿಲಿಗೆ ಕೀಲಿ ಬಿತ್ತು, ಲಿಂಬೆಹಣ್ಣು ತೂಗಿತು.

ಎಲ್ಲರೂ ಟೆಂಪೋ ಹತ್ತಿದರು. ಸಿದ್ರಾಯ ಮಾತ್ರ ಓಣಿಯಲ್ಲಿ ನಿಂತಿದ್ದ. ಅಟ್ಟದ ಕಿಂಡಿಯಿಂದ ಗೂಬೆ ಸದ್ದಿಲ್ಲದೆ ಹೊರಬಿತ್ತು, ಹಿನ್ನೀರಿನ ಮೇಲೆ ಬೆಳ್ಳಗೆ ತೇಲಿ ಮರೆಯಾಯಿತು. ಸರಿ, ಹೋಯಿತು, ನಾನೂ ಇಲ್ಲ, ಅದೂ ಇಲ್ಲ ಎಂದು ಅವನು ನಿಟ್ಟುಸಿರುಬಿಟ್ಟ. ಸ್ವಲ್ಪ ಹೊತ್ತಿನಲ್ಲೇ ಅದು ತಿರುಗಿ ಬಂತು. ಒಂಟಿಯಾಗಿ ಬರಲಿಲ್ಲ. ಹಿಂದೆ ಇನ್ನೊಂದು ಇತ್ತು, ಸ್ವಲ್ಪ ದಪ್ಪ, ಎದೆಯ ಮೇಲೆ ಚುಕ್ಕಿ. ಹೆಣ್ಣು.

ಗಂಡು ಕಿಂಡಿಯೊಳಗೆ ಹೋಗಿ ಕರೆಯಿತು. ಹೆಣ್ಣು ಹಂಚಿನ ಮೇಲೆ ಕೂತು ಹಿತ್ತಲ ಕಡೆ ನೋಡಿತು, ನೀರಿನ ಕಡೆ ನೋಡಿತು, ಅವಸರವಿಲ್ಲದೆ ಕಿಂಡಿಯ ಬಾಯಿಗೆ ಬಂದು ಒಳಗೆ ಇಣುಕಿತು. ಆಮೇಲೆ ಒಳಗೆ ಹೋಯಿತು. ಹೊರಗೆ ಬರಲಿಲ್ಲ.

ಟೆಂಪೋದೊಳಗಿಂದ ಮಾಲಿಂಗಪ್ಪ, ಇನ್ನೂ ಏನು ನೋಡುತ್ತಿದ್ದೀರಿ ಎಂದು ಕೇಳಿದ.

"ಮನಿ ನೋಡಾಕ ಬಂದಿದ್ರು ರೀ," ಎಂದ ಸಿದ್ರಾಯ. "ಪಸಂದ ಬಿತ್ತು ಅಂತ ಕಾಣ್ತೈತಿ."