ನಮ್ಮ ಮನೆಗೆ ಬಂದ ಮಾಂಸಾಹಾರಿಗಳು

ನನಗೊಂದು ಕೆಟ್ಟ ಗುಣವಿದೆ. ಯಾರಾದರೂ ‘ಬೇಡ’ ಎಂದರೆ ಸಾಕು, ಅದುವರೆಗೆ ಬೇಡವಾಗಿದ್ದದ್ದೂ ಬೇಕೇ ಬೇಕು ಎನಿಸಿಬಿಡುತ್ತದೆ. ನನ್ನ ಮದುವೆ ಆದದ್ದೂ ಹಾಗೆಯೇ ಎಂದು ತಂಗಿ ಆಡಿಕೊಳ್ಳುತ್ತಾಳೆ. ಆ ಮಾತು ಹಾಗಿರಲಿ, ಈಗ ಹೇಳಹೊರಟಿರುವುದು ಆರು ಮೀನುಗಳ ವಿಷಯ.

ನಾನು ಹಳೇಬೀಡಿನಲ್ಲಿ ಹೈಸ್ಕೂಲ್ ಟೀಚರು, ಕಲಿಸುವುದು ವಿಜ್ಞಾನ. ಮನೆ ಬೇಲೂರಿನಲ್ಲಿ. ಒಂದು ಸಂಜೆ ಬಸ್ಸು ತಡವೆಂದು ಕೆರೆಯ ಕಡೆ ಹೋದಾಗ, ಅಂಚಿನ ಜೊಂಡಿನ ನಡುವೆ ಕಿರುಬೆರಳಿನಷ್ಟೂ ಉದ್ದವಿಲ್ಲದ ಮೀನುಗಳು ಕಂಡವು. ನೀರಿನ ಮೇಲ್ಮೈಗೇ ಅಂಟಿಕೊಂಡು ಈಜುತ್ತಿದ್ದವು, ನೆತ್ತಿಯ ಮೇಲೆ ಒಂದೊಂದು ಬೆಳ್ಳಿ ಚುಕ್ಕೆ. ಊಟದ ಡಬ್ಬಿ ತೊಳೆದು ಆರನ್ನು ಹಿಡಿದೆ. ಹಿಡಿದೆ ಎಂದು ಸುಲಭವಾಗಿ ಹೇಳಿಬಿಟ್ಟೆ, ಸೀರೆ ಮಂಡಿಯವರೆಗೆ ನೆನೆದಿತ್ತು. ಬಸ್ಸಿನಲ್ಲಿ ಕಂಡಕ್ಟರು ಡಬ್ಬಿಯೊಳಗೆ ಇಣುಕಿ, “ಏನ್ ಮೇಡಂ, ಐನೋರ ಮನೇಲೂ ಮೀನ್ ಸಾರು ಶುರುವಾಯ್ತಾ?” ಎಂದ. ಇಡೀ ಬಸ್ಸು ನಕ್ಕಿತು. ಇವನ್ನು ಸಾಕಿಯೇ ತೀರುವುದೆಂದು ಆಗಲೇ ನಿರ್ಧರಿಸಿದೆ.

ನಮ್ಮದು ದೇವಸ್ಥಾನದ ಸೇವೆಯ ಮನೆತನ. ಅತ್ತೆ ಬಾಗಿಲಲ್ಲೇ ತಡೆದರು. “ಈ ಮನೆಯೊಳಗೆ ಈರುಳ್ಳಿ ಬರೋಕೇ ಮೂರು ತಲೆಮಾರು ಹಿಡೀತು ಕಣೇ. ನೀನು ಒಂದೇ ಸಲಕ್ಕೆ ಮೀನು ತಂದ್ಯಾ?”

“ತಿನ್ನೋಕಲ್ಲ ಅತ್ತೆ, ಸಾಕೋಕೆ.”

“ಹಾಗಾದ್ರೆ ನಾವು ತಿನ್ನೋದನ್ನೇ ಅವೂ ತಿನ್ನಲಿ. ಇಲ್ದಿದ್ರೆ ಕೆರೆಗೆ ವಾಪಸ್ ಬಿಟ್ಟು ಬಾ.”

ಅರಸೀಕೆರೆಯ ಆಫೀಸಿನಲ್ಲಿ ಗುಮಾಸ್ತರಾಗಿರುವ ನಮ್ಮ ಯಜಮಾನರು, “ಅಷ್ಟೊಂದು ಆಸೆ ಇದ್ರೆ ಗೋಲ್ಡ್ ಫಿಶ್ ತಂದ್ಕೊಡ್ತೀನಿ” ಎಂದು ರಾಜಿಗೆ ಬಂದರು. ನಾನು ಒಪ್ಪಲಿಲ್ಲ. ಯಾಕೆ ಒಪ್ಪಬೇಕು? ಪರದೇಶದ ಮೀನಿಗೆ ಗಾಜಿನ ಅರಮನೆ, ನಮ್ಮ ಕೆರೆಯದಕ್ಕೆ ಕೊಕ್ಕರೆಯ ಬಾಯಿಯೇ? ಕೊನೆಗೆ ಅವರು ಖಾಲಿ ಗಾಜಿನ ತೊಟ್ಟಿ ಮಾತ್ರ ಹೊತ್ತು ತಂದರು.

ಅನ್ನದ ಅಗುಳು ಹಾಕಿದೆ. ಚಪಾತಿ ಚೂರು ಹಾಕಿದೆ. ಏಕಾದಶಿಯಂದು ಅವಲಕ್ಕಿಯನ್ನೂ ಹಾಕಿದೆ. ಅವು ಮೂಸಿಯೂ ನೋಡಲಿಲ್ಲ, ದಿನದಿನಕ್ಕೆ ಸೊರಗಿದವು. ಅವುಗಳ ನಿಜವಾದ ಊಟ ಸೊಳ್ಳೆ ಮರಿ ಎಂದು ನನಗೆ ಗೊತ್ತಿತ್ತು. ಅತ್ತೆಗೆ ಸೋಲಲು ಮನಸ್ಸಿಲ್ಲದೆ, ಬಚ್ಚಲಮನೆಯ ಹಿಂದೆ ಗುಟ್ಟಾಗಿ ಒಂದು ಬಕೆಟ್ ನೀರಿಟ್ಟೆ. ಸೊಳ್ಳೆಗಳು ಕರೆಯದೆಯೇ ಬಂದವು. ವಾರ ಕಳೆದು ನೀರಿನ ತುಂಬ ಮರಿಗಳು ಕುಣಿಯತೊಡಗಿದವು. ದಿನಾ ಬೆಳಿಗ್ಗೆ ಅತ್ತೆ ಪೂಜೆಗೆ ಕೂತಾಗ ಹಳೆಯ ಟೀ ಸೋಸುವ ಜಾಲರಿಯಲ್ಲಿ ಅವನ್ನು ಸೋಸಿ, ಸೆರಗಿನಡಿ ಮುಚ್ಚಿಕೊಂಡು ಬಂದು ಬಡಿಸುತ್ತಿದ್ದೆ. ಮೀನುಗಳು ಮೈದುಂಬಿದವು. ಅತ್ತೆ ಅದು ಅವಲಕ್ಕಿಯ ಪ್ರಭಾವ ಎಂದುಕೊಂಡರು.

ಒಂದು ಭಾನುವಾರ ಆಶಾ ಕಾರ್ಯಕರ್ತೆ ಸೊಳ್ಳೆ ಮರಿಗಳ ಸಮೀಕ್ಷೆಗೆ ಬಂದಳು. ನೇರ ಹಿತ್ತಲಿಗೆ ಹೋಗಿ ಬಕೆಟ್ಟಿನೊಳಗೆ ಟಾರ್ಚು ಬಿಟ್ಟಳು. “ಮೇಡಂ, ಹೋದ ವಾರ ನಮ್ ಬೀದಿ ಹೆಂಗಸರಿಗೆ ಡೆಂಗಿ ಬಗ್ಗೆ ಭಾಷಣ ಮಾಡಿದ್ದು ನೀವೇ ಅಲ್ವಾ?”

ನಾನೇ. ಚಪ್ಪಾಳೆ ಕೂಡ ಬಿದ್ದಿತ್ತು. ಆದರೂ ಬಗ್ಗಲಿಲ್ಲ. “ಅದು ಮೀನಿನ ಊಟ ಕಣಮ್ಮ” ಎಂದೆ.

“ಊಟಾನೇ ಎದ್ದು ಹಾರಿ ಬಂದು ಜನಾನ ಕಚ್ಚುತ್ತಲ್ಲ ಮೇಡಂ. ಚೆಲ್ಲಿ ಮೊದ್ಲು.”

ಚೆಲ್ಲಿದರೆ ಮೀನುಗಳಿಗೆ ಉಪವಾಸ. ಆಗಲ್ಲ ಎಂದು ಬಕೆಟ್ಟಿಗೆ ಅಡ್ಡ ನಿಂತೆ. ಗಲಾಟೆ ಕೇಳಿ ಅತ್ತೆ ಬಂದರು. ಮೀನುಗಳ ಋಣ ಮುಗಿಯಿತೆಂದೇ ತಿಳಿದೆ. ಅವರು ಬಕೆಟ್ಟಿನೊಳಗೆ ಬಗ್ಗಿ ನೋಡಿದರು.

“ಅವಲಕ್ಕಿ ತಿಂತಿರ್ಲಿಲ್ವಾ ಹಾಗಾದ್ರೆ?”

“ಇಲ್ಲ.”

“ಇದನ್ನ ದಿನಾ ಸೋಸಿ ಸೋಸಿ ಒಳಗೆ ಹೊತ್ಕೊಂಡು ಬರ್ತಿದ್ಯಾ?”

“ಹೂಂ.”

ಅತ್ತೆ ಸೊಂಟಕ್ಕೆ ಕೈಯಿಟ್ಟು ನೆಟ್ಟಗಾದರು. “ಮೀನನ್ನೇ ತಂದು ಬಕೆಟ್ಟಿಗೆ ಬಿಟ್ಟಿದ್ರೆ ಆಗ್ತಿರ್ಲಿಲ್ವೇನೇ?”

ಆಶಾ ಕಾರ್ಯಕರ್ತೆ ಬಾಯಿಗೆ ಸೆರಗು ಒತ್ತಿಕೊಂಡಳು. ಮೀನುಗಳನ್ನು ತಂದು ಬಿಟ್ಟೆವು. ಸಂಜೆಯ ಹೊತ್ತಿಗೆ ಬಕೆಟ್ಟಿನಲ್ಲಿ ಒಂದು ಮರಿಯೂ ಉಳಿದಿರಲಿಲ್ಲ. ಈಗ ಅವು ಹಿತ್ತಲಿನ ಕಲ್ಲುಬಾನಿಯಲ್ಲಿವೆ. “ಹೊರಗಡೆ ಅವು ಏನಾದ್ರೂ ತಿಂದ್ಕೊಳ್ಳಲಿ, ನಾನು ಆ ಕಡೆ ನೋಡಲ್ಲ” ಎಂದ ಅತ್ತೆ ದಿನಕ್ಕೆ ನಾಲ್ಕು ಸಲ ಅಲ್ಲೇ ನಿಂತಿರುತ್ತಾರೆ. ನಾನು ಗೆದ್ದೆ ಎಂದೇ ಎಲ್ಲರಿಗೂ ಹೇಳುತ್ತಿದ್ದೇನೆ.

ಆದರೆ ನಿನ್ನೆ ಸ್ಕೂಲಿಗೆ ಹೊರಟಾಗ ಅತ್ತೆ ಗೊತ್ತಿದ್ದೂ ಗೊತ್ತಿದ್ದೂ ಕೇಳಿದರು: “ನೀನು ಮಕ್ಕಳಿಗೆ ಪಾಠ ಮಾಡೋದು ಯಾವ್ದೇ?”

“ಡ್ರಾಯಿಂಗು” ಎಂದೆ, ತಲೆ ತಗ್ಗಿಸದೆ.