ಟೇಪು ಹಿಡಿದು ಲ್ಯಾಪ್‌ಟಾಪ್ ಕೊಂಡದ್ದು

ನನ್ನ ಟೇಪಿಗೆ ಮೋಸ ಮಾಡುವ ಅಂಗಡಿಯವನು ಇನ್ನೂ ಹುಟ್ಟಿಲ್ಲ! ಹೀಗೆಂದು ಘೋಷಿಸಿಯೇ ನಾನು ಮಗಳಿಗೆ ಲ್ಯಾಪ್‌ಟಾಪ್ ತರಲು ಹೊರಟದ್ದು.

ನಾನು ಟೈಲರ್. ಮೂವತ್ತು ವರ್ಷದಿಂದ ಕೊರಳಲ್ಲಿ ಟೇಪು ನೇತಾಡುತ್ತಿದೆ. ಓದಿದ್ದು ನಾಲ್ಕನೇ ಕ್ಲಾಸು. ನಮ್ಮವರು ಬಸ್ ಡ್ರೈವರ್. ಹೋಗಿ ಎಂಟು ತಿಂಗಳಾಯಿತು. ಜ್ವರ ಬಂತು, ಮೂರು ದಿನ ಮಲಗಿದರು, ಹೋದರು. ಅವರ ಕಂಪನಿಯವರು ಕೊಟ್ಟ ಹಣದಲ್ಲಿ ಸ್ವಲ್ಪ ಉಳಿದಿತ್ತು. ಅದು ಪುಟ್ಟಿಯ ಲ್ಯಾಪ್‌ಟಾಪಿಗೆ ಎಂದು ಎತ್ತಿಟ್ಟಿದ್ದೆ. ಖರ್ಚಾದರೆ ಮುಗಿಯಿತು. ಇನ್ನೊಂದು ಸಲ ಕೊಡುವವರಿಲ್ಲ.

ಪುಟ್ಟಿ ಎಂದರೆ ಮಗಳು. ಹೆಸರಿಗೆ ಪುಟ್ಟಿ, ನನಗಿಂತ ಒಂದು ಗೇಣು ಎತ್ತರ. ಸೋಮವಾರದಿಂದ ಕಾಲೇಜು.

"ನಾನೂ ಬರ್ತೀನಮ್ಮ."

"ಬೇಡ. ನಿನ್ನ ಮುಖದಲ್ಲಿ ಆಸೆ ಕಾಣತ್ತೆ. ಅಂಗಡಿಯವನು ರೇಟು ಏರಿಸ್ತಾನೆ. ನನ್ನ ಮುಖದಲ್ಲಿ ಏನೂ ಕಾಣಲ್ಲ."

"ಹಾಗಾದ್ರೆ ಈ ಚೀಟಿ ತೋರ್ಸು. ಅವ್ರು ಕೊಟ್ಟಿದ್ದು ತಗೊಂಡು ಬಾ. ಮಧ್ಯ ನಿನ್ನ ತಲೆ ಓಡಿಸ್ಬೇಡ."

ಚೀಟಿಯಲ್ಲಿ ನಾಲ್ಕು ಸಾಲು. ಮೂರು ನನಗೆ ಹತ್ತಲಿಲ್ಲ. ನಾಲ್ಕನೆಯದು ಮಾತ್ರ ನನ್ನ ಭಾಷೆ. ಹದಿನೈದೂವರೆ ಇಂಚು!

ಇಂಚು ಸಿಕ್ಕ ಮೇಲೆ ನಾನು ಸುಮ್ಮನೆ ಕೂರುವವಳಲ್ಲ. ಲ್ಯಾಪ್‌ಟಾಪ್ ಬರುವ ಮೊದಲೇ ಅದಕ್ಕೆ ಚೀಲ ಹೊಲಿದುಬಿಟ್ಟೆ. ಬಟ್ಟೆ ನಮ್ಮವರ ಕೊನೆಯ ಖಾಕಿ ಪ್ಯಾಂಟು. ಉಳಿದದ್ದನ್ನೆಲ್ಲ ಯಾರ್‍ಯಾರಿಗೋ ಕೊಟ್ಟಾಗಿತ್ತು. ಕತ್ತರಿ ಹಿಡಿದು ಅರ್ಧ ಗಂಟೆ ಕೂತಿದ್ದೆ. ಆಮೇಲೆ ಕತ್ತರಿಸಿದೆ.

ಅವರ ಪ್ಯಾಂಟುಗಳೆಲ್ಲ ನಾನೇ ಹೊಲಿದದ್ದು. ಅವರಿಗೆ ಒಂದು ದಿನವೂ ಟೇಪು ಹಿಡಿದವಳಲ್ಲ. ಕಟ್ಟಿಕೊಂಡ ಗಂಡನಿಗೆ ಟೇಪು ಯಾಕೆ, ಕಣ್ಣಳತೆ ಸಾಲದೇ? ಬಿಗಿ ಎನ್ನಲಿಲ್ಲ, ಸಡಿಲ ಎನ್ನಲಿಲ್ಲ. ಹಾಕಿಕೊಂಡು ಹೊರಡುತ್ತಿದ್ದರು.

ಚೀಲದ ಪಟ್ಟಿಗೆ ಅವರ ಬೆಲ್ಟು. ಅದರಲ್ಲಿ ಅಂಗಡಿಯಿಂದ ತಂದಾಗ ಇದ್ದ ತೂತು ಐದು. ಆಮೇಲೆ ಮೊಳೆಯಲ್ಲಿ ಹೊಡೆದ ತೂತು ನಾಲ್ಕು. ಒಂದೊಂದು ಹೊಸ ತೂತು ಕಂಡಾಗಲೂ, ಅಯ್ಯೋ ಮನುಷ್ಯ ಸೊರಗುತ್ತಿದ್ದಾನಲ್ಲ ಎಂದು ನಾನು ಎರಡು ತುತ್ತು ಹೆಚ್ಚು ಬಡಿಸುತ್ತಿದ್ದೆ. ಪಾಪ, ಮಾತಾಡದೆ ತಿನ್ನುತ್ತಿದ್ದರು.

ಸರಿ, ಅಂಗಡಿಗೆ ಹೋದೆ. ಅಂಗಡಿಯವನು ಚೀಟಿ ಓದಿದ. ತೆಳ್ಳನೆಯ ಬೂದು ಬಣ್ಣದ್ದೊಂದನ್ನು ತಂದಿಟ್ಟ.

"ಮಗಳು ಬರೆದಿರೋದೆಲ್ಲ ಇದ್ರಲ್ಲಿದೆ ಅಮ್ಮ. ನಿಮ್ಮ ಬಜೆಟ್ಟಿಗೂ ಸರಿಹೋಗತ್ತೆ."

ಕೊರಳಿಂದ ಟೇಪು ತೆಗೆದೆ. ಎಡದಿಂದ ಬಲಕ್ಕೆ ಹಿಡಿದೆ. ಹದಿನಾಲ್ಕು! ಹಾಡಹಗಲಲ್ಲಿ, ಇಷ್ಟು ಜನರ ಮುಂದೆ, ಒಂದೂವರೆ ಇಂಚು ನುಂಗಿದ್ದಾನೆ!

"ಏನಪ್ಪಾ ಇದು?"

"ಹದಿನೈದೂವರೆ ಅಮ್ಮ."

"ನನ್ನ ಟೇಪು ಹದಿನಾಲ್ಕು ಅನ್ನತ್ತೆ!"

"ಅಯ್ಯೋ, ಅದನ್ನ ಹಾಗಲ್ಲ ಅಳೆಯೋದು..."

"ಅಳತೆ ನೀನು ನನಗೆ ಹೇಳಿಕೊಡ್ತೀಯಾ? ನಿನ್ನ ಪ್ಯಾಂಟು ಮೂವತ್ನಾಲ್ಕು, ನಿನ್ನ ಸೊಂಟ ಮೂವತ್ತಾರು. ಉಸಿರು ಬಿಟ್ರೆ ಗುಂಡಿ ಹಾರತ್ತೆ. ನಿಂತಲ್ಲೇ ಹೇಳ್ತೀನಿ!"

ಅವನು ಹೊಟ್ಟೆ ಒಳಗೆಳೆದುಕೊಂಡ. ಪಕ್ಕದ ಗಿರಾಕಿಯೂ ಎಳೆದುಕೊಂಡ.

ಆಮೇಲೆ ಅಂಗಡಿಯಲ್ಲಿದ್ದ ಹನ್ನೊಂದು ಲ್ಯಾಪ್‌ಟಾಪಿಗೂ ಟೇಪು ಹಿಡಿದೆ. ಎಲ್ಲವೂ ಗಿಡ್ಡ! ಕಡೆಗೆ ಮೇಲಿನ ಹಲಗೆಯಲ್ಲಿ ಧೂಳು ಹಿಡಿದ ಒಂದು ಡಬ್ಬ ಕಂಡಿತು. ಬಿಚ್ಚಿಸಿದೆ. ಹಲಗೆಯಂಥ ದೊಡ್ಡ ಲ್ಯಾಪ್‌ಟಾಪ್. ಅಳೆದೆ. ಹದಿನೈದೂವರೆ, ನೂಲು ಹೆಚ್ಚಿಲ್ಲ, ನೂಲು ಕಮ್ಮಿಯಿಲ್ಲ!

"ಅದು ಬೇಡಮ್ಮ. ಅದು ಆಟ ಆಡೋರಿಗೆ. ಹಳೇ ಮಾಲು, ಯಾರೂ ತಗೊಳ್ಳಲ್ಲ."

"ಸರಿಯಾದ ಅಳತೆ ಈ ಕಾಲದಲ್ಲಿ ಯಾರಿಗೆ ಬೇಕಾಗಿದೆ! ರೇಟು ಇಳಿಸು."

ಅವನು ದೊಡ್ಡದಾಗಿ ಉಸಿರುಬಿಡಲು ಹೋಗಿ, ಗುಂಡಿ ನೆನಪಾಗಿ ತಡೆದುಕೊಂಡು, ಇಳಿಸಿದ. ನಾನು ಗೆದ್ದೆ.

ಮನೆಗೆ ತಂದು ಚೀಲದಲ್ಲಿಟ್ಟೆ. ಹೇಳಿ ಹೊಲಿಸಿದಂತೆ ಕೂತಿತು. ಪುಟ್ಟಿ ಅದನ್ನು ಹೆಗಲಿಗೇರಿಸಿದಳು. ಹುಡುಗಿ ಒಂದೇ ಕಡೆಗೆ ವಾಲಿದಳು!

"ಅಮ್ಮಾ! ಕಲ್ಲು ತುಂಬಿದೀಯಾ?"

ಹೊರತೆಗೆದು ಆನ್ ಮಾಡಿದಳು. ಕೀಲಿಗಳೆಲ್ಲ ಕೆಂಪು, ಹಸಿರು, ನೀಲಿಯಾಗಿ ಮಿಣಮಿಣ ಮಿಂಚಿದವು. ಒಳಗಿನ ಫ್ಯಾನು ಏರು ಹತ್ತುವ ಬಸ್ಸಿನಂತೆ ಗೊರಗೊರ ಎಂದಿತು. ಮುಕ್ಕಾಲು ಗಂಟೆಯಲ್ಲಿ ಬ್ಯಾಟರಿ ಖಾಲಿ. ಪುಟ್ಟಿ ಅಳಲಿಲ್ಲ. ಬೈಯಲಿಲ್ಲ. ಅದಕ್ಕೇ ನನಗೆ ಗಾಬರಿಯಾದದ್ದು.

"ಇದನ್ನ ಹೊತ್ಕೊಂಡು ದಿನಾ ಎರಡು ಬಸ್ ಹತ್ತಬೇಕಾ ಅಮ್ಮ? ಇದ್ಯಾಕೆ ತಂದೆ?"

"ಅವನು ಹದಿನಾಲ್ಕು ಕೊಟ್ಟು ಹದಿನೈದೂವರೆ ಅಂದ ಕಣೇ!"

ಅವಳು ನನ್ನನ್ನೇ ನೋಡಿದಳು. "ಲ್ಯಾಪ್‌ಟಾಪಿನ ಸ್ಕ್ರೀನನ್ನ ಮೂಲೆಯಿಂದ ಮೂಲೆಗೆ ಅಳೀತಾರೆ. ಓರೆಯಾಗಿ."

ಓರೆ! ಮೂವತ್ತು ವರ್ಷ ಓರೆಯಲ್ಲಿ ಬಟ್ಟೆ ಕತ್ತರಿಸಿದವಳು ನಾನು. ಆ ಹಲಗೆಗೆ ಓರೆಯಲ್ಲಿ ಟೇಪು ಹಿಡಿದೆ. ಹದಿನೇಳು ಕಾಲು. ಬಿಲ್ಲು ತೆಗೆದು ನೋಡಿದೆ. ಕೆಳಗೆ ಕೆಂಪು ಅಕ್ಷರ: ಮಾರಿದ ಮಾಲು ವಾಪಸ್ ಪಡೆಯುವುದಿಲ್ಲ. ನಮ್ಮವರ ಹಣ ಅಷ್ಟೂ ಆ ಮಿಣಮಿಣದಲ್ಲಿ ಕೂತಿತ್ತು.

ಅದನ್ನು ಎದೆಗೆ ಅವಚಿಕೊಂಡು ಅಂಗಡಿಗೆ ಓಡಿದೆ. ಅಂಗಡಿಯವನು ಆ ಬೂದು ಬಣ್ಣದ್ದನ್ನು ಮುಂದೆಯೇ ಇಟ್ಟುಕೊಂಡು ಕೂತಿದ್ದ.

"ಬರ್ತೀರಿ ಅಂತ ಗೊತ್ತಿತ್ತು. ಬದಲಾಯಿಸ್ಕೊಡ್ತೀನಿ. ಆದ್ರೆ ಒಂದು ಷರತ್ತು."

"ಏನಪ್ಪಾ?"

"ನನ್ನ ಸೊಂಟ ಸರಿಯಾಗಿ ಅಳೆದು ಹೇಳಿ. ಬೆಳಿಗ್ಗೆಯಿಂದ ಉಸಿರು ಬಿಡೋಕೇ ಹೆದರಿಕೆ ಆಗ್ತಿದೆ."

ಟೇಪು ಸುತ್ತಿದೆ. ಮೂವತ್ನಾಲ್ಕು. ಇನ್ನೊಂದು ಸಲ ಸುತ್ತಿದೆ. ಮೂವತ್ನಾಲ್ಕೇ! ನನ್ನ ಕಣ್ಣಳತೆ ಎರಡಿಂಚು ತಪ್ಪಿದೆ! ಅವನು ಆರಾಮಾಗಿ ಉಸಿರುಬಿಟ್ಟ. ಗುಂಡಿ ಹಾರಲಿಲ್ಲ. ಹಾರಿದ್ದು ನನ್ನ ಮಾನ.

ಮನೆಗೆ ಬಂದು ಬೂದು ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿದೆವು. ಖಾಲಿ ಬಸ್ಸಿನ ಒಬ್ಬನೇ ಪ್ರಯಾಣಿಕನಂತೆ ಆ ಕಡೆಯಿಂದ ಈ ಕಡೆಗೆ ಜಾರಿತು.

"ತಾ ಇಲ್ಲಿ, ಬಿಚ್ಚಿ ಸಣ್ಣದು ಮಾಡ್ತೀನಿ."

"ಮುಟ್ಬೇಡ!" ಪುಟ್ಟಿ ಚೀಲ ಕಿತ್ತುಕೊಂಡಳು. "ಅಪ್ಪನ ಪ್ಯಾಂಟಲ್ವಾ? ಎರಡಿಂಚು ಸಡಿಲಾನೇ ಇರ್ಬೇಕು."

"ಹಾಗಂದ್ರೆ?"

"ಹಾಗಂದ್ರೆ ಏನು? ನೀನು ಹೊಲಿದ ಒಂದು ಪ್ಯಾಂಟಾದ್ರೂ ಅಪ್ಪನ ಸೊಂಟದಲ್ಲಿ ನಿಂತಿತ್ತಾ? ಈ ತೂತು ಯಾರು ಹೊಡೆದದ್ದು ಅನ್ಕೊಂಡೆ? ಅಪ್ಪ ಬೆಲ್ಟು ಹಿಡ್ಕೋತಿದ್ರು, ನಾನು ಮೊಳೆ ಹೊಡೀತಿದ್ದೆ. ಅಮ್ಮಂಗೆ ಹೇಳ್ಬೇಡ, ನೊಂದ್ಕೋತಾಳೆ ಅಂತಿದ್ರು."

ನಾನು ಮಿಷನ್ನಿನ ಮುಂದಿನ ಸ್ಟೂಲಿನಲ್ಲಿ ಕೂತೆ. ಅವರು ಸೊರಗಿರಲೇ ಇಲ್ಲ!

"ಹಾಗಾದ್ರೆ ನಾನು ಅಷ್ಟು ವರ್ಷ ಹೆಚ್ಚು ಬಡಿಸಿದ್ದು?"

"ಅದನ್ನೂ ತಿಂದ್ರು. ಹೇಗಾದ್ರೂ ಪ್ಯಾಂಟು ತುಂಬಲಿ ಅಂತ!"

ಪುಟ್ಟಿ ನಕ್ಕಳು. ಎಂಟು ತಿಂಗಳಾದ ಮೇಲೆ ನಮ್ಮ ಮನೆಯಲ್ಲಿ ನಗು ಕೇಳಿಸಿತು. ನಾನೂ ನಕ್ಕೆ. ಆಮೇಲೆ ಸೆರಗಿನಲ್ಲಿ ಮುಖ ಒರೆಸಿಕೊಂಡೆ.

ಚೀಲ ಸಡಿಲವಾಗಿಯೇ ಇದೆ. ಪುಟ್ಟಿ ಒಂದು ಟವೆಲ್ ತುರುಕಿ ಒಯ್ಯುತ್ತಾಳೆ. ನನ್ನ ಕೊರಳಲ್ಲಿ ಟೇಪು ಈಗಲೂ ಇದೆ. ಆದರೆ ಹಳೆಯ ಗಿರಾಕಿ ಯಾರಾದರೂ ಬಂದು, ನಿಮ್ಮ ಹೊಲಿಗೆ ಬಹಳ ಚೆನ್ನಾಗಿದೆ ಅಮ್ಮ ಎಂದರೆ, ನಾನು ಮೊದಲು ಅವರ ಬೆಲ್ಟಿನ ತೂತು ಎಣಿಸುತ್ತೇನೆ.